ನಸುಕಿನಲ್ಲಿ ಒಮ್ಮೆ ಮೇಲೆ ನೋಡಿ



ಬೆಳಗ್ಗೆ ನೀವು ಎಷ್ಟು ಗಂಟೆಗೆ ಏಳುತ್ತೀರಿ? ಐದಕ್ಕೆ? ಮಕ್ಕಳ ಸ್ಕೂಲ್ ವ್ಯಾನು ಬೇಗ ಬರುವುದಾದರೆ ನಾಲ್ಕೂವರೆಗೇ? ಎದ್ದ ಮೇಲೆ ಏನೇನು ಮಾಡುತ್ತೀರಿ ಅಂತ ನಾನು ಕೇಳಬೇಕಾಗಿಯೇ ಇಲ್ಲ. ಬಾಗಿಲು ತೆಗೆದು, ಹೊಸ್ತಿಲಿಗೆ ನೀರು ಹಾಕಿ, ಗುಡಿಸಿ, ಬಗ್ಗಿ ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲು ಒಳಗೆ ತಂದು, ಒಲೆ ಹಚ್ಚುವುದು. ಸರಿ ತಾನೇ? ಈ ಗಡಿಬಿಡಿಯಲ್ಲಿ ಒಂದು ಸಲವಾದರೂ ತಲೆಯೆತ್ತಿ ಆಕಾಶ ನೋಡಿದ್ದು ನೆನಪಿದೆಯೇ?

ಸಂಕೋಚಪಡಬೇಡಿ. ನನಗೂ ನೆನಪಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಮಗಳು ಫೋನ್ ಮಾಡದೇ ಇದ್ದಿದ್ದರೆ ಈ ಸಲದ ಅಂಕಣದಲ್ಲಿ ಅವರೆಕಾಯಿಯ ಬಗ್ಗೆಯೇ ಬರೆಯುತ್ತಿದ್ದೆನೇನೋ.

ಮಗಳು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ನನ್ನ ತವರುಮನೆಯಲ್ಲಿ, ಅಜ್ಜಿಯ ಜೊತೆ ಇದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ. ಒಂದು ಸಂಜೆ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವಳ ಫೋನು. "ಅಮ್ಮಾ, ಹದಿಮೂರನೇ ತಾರೀಕು ರಾತ್ರಿ ಉಲ್ಕೆಗಳ ಮಳೆ ಇದೆಯಂತೆ. ನಾವು ಏಳು ಜನ ಫ್ರೆಂಡ್ಸು ಒಬ್ಬಳ ತೋಟಕ್ಕೆ ಹೋಗಿ ರಾತ್ರಿಯೆಲ್ಲ ನೋಡಬೇಕು ಅಂತಿದ್ದೀವಿ. ಹೋಗ್ಲಾ?" ಅಂದಳು.

ನಾನು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಡಲೂ ಇಲ್ಲ. "ರಾತ್ರಿ ಹೊತ್ತು ಹೆಣ್ಣುಮಕ್ಕಳು ಬಯಲಲ್ಲಿ ಕೂತು ನೋಡೋದು ಏನಿದೆ? ಏನೂ ಬೇಡ" ಅಂದುಬಿಟ್ಟೆ. ಅವಳು ವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿಯಮ್ಮ" ಅಂತ ಫೋನ್ ಇಟ್ಟಳು. ವಾದ ಮಾಡಿದ್ದರೇ ಚೆನ್ನಾಗಿತ್ತು. ಆ "ಸರಿಯಮ್ಮ" ಸಾರಿಗೆ ಒಗ್ಗರಣೆ ಹಾಕುವಾಗಲೂ ಕಿವಿಯಲ್ಲೇ ಇತ್ತು. ಆಗ ಥಟ್ಟನೆ ಹೊಳೆಯಿತು ನೋಡಿ: ನಾನು ಆಡಿದ್ದು ನನ್ನ ಮಾತೇ ಅಲ್ಲ. ಅದು ನಮ್ಮಪ್ಪನ ಮಾತು. ಅಕ್ಷರವೂ ಬದಲಾಗದೆ, ಅದೇ ಮನೆಯಲ್ಲಿ, 2001ರ ನವೆಂಬರಿನಲ್ಲಿ ಅವರು ನನಗೆ ಹೇಳಿದ್ದು.

ಆಗ ನಾನು ಮಹಾರಾಣಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಮಂಡಿ ಮೊಹಲ್ಲಾ ಕಂಡವರಿಗೆ ಗೊತ್ತು, ಅಶೋಕ ರಸ್ತೆ, ಅಕ್ಬರ್ ರಸ್ತೆ, ಕಬೀರ್ ರಸ್ತೆಗಳ ನಡುವೆ ಒಂದಕ್ಕೊಂದು ಆತುಕೊಂಡ ಮನೆಗಳು. ಹಗಲೆಲ್ಲ ಲಾರಿ, ಕೈಗಾಡಿ, ಮೂಟೆ ಹೊರುವವರ ಕೂಗು, ಒಣಮೆಣಸಿನಕಾಯಿಯ ಘಾಟು. ನಮ್ಮಪ್ಪ ಅಲ್ಲೇ ಒಂದು ದಿನಸಿ ಮಂಡಿಯಲ್ಲಿ ಗುಮಾಸ್ತರು.

ಆ ತಿಂಗಳು 18ರ ರಾತ್ರಿ ಕಳೆದು 19ರ ಬೆಳಗಿನ ಜಾವ ಸಿಂಹರಾಶಿಯ ಕಡೆಯಿಂದ ಉಲ್ಕೆಗಳ ಮಳೆಯಾಗುತ್ತದೆ, ಇಂಥದ್ದು ಅಪರೂಪ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನಾವು ಐದು ಜನ ಗೆಳತಿಯರು ಚಾಮುಂಡಿ ಬೆಟ್ಟದ ತಪ್ಪಲಿಗೆ ಹೋಗಿ ನೋಡುವುದೆಂದು ನಿಶ್ಚಯಿಸಿದೆವು. ಐದು ಮನೆಯಲ್ಲೂ ಒಂದೇ ಉತ್ತರ! ನಾನು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಾಗ, ಎಂದೂ ಅಪ್ಪನಿಗೆ ಎದುರಾಡದ ಅಮ್ಮ ಅಡುಗೆಮನೆಯಿಂದಲೇ ಕೇಳಿದರು: "ನಮ್ಮ ತಾರಸಿ ಮೇಲೆ ಕೂತ್ರೆ ನಿಮಗೇನು ಅಡ್ಡಿ? ಬೆಟ್ಟದ ಹತ್ತಿರ ಒಂದು ಆಕಾಶ, ಮಂಡಿ ಮೊಹಲ್ಲಾಕ್ಕೆ ಇನ್ನೊಂದು ಆಕಾಶ ಇದೆಯೇ?" ಅಪ್ಪನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ.

ಹೀಗಾಗಿ ಭಾನುವಾರ ರಾತ್ರಿ ಎಲ್ಲರೂ ನಮ್ಮ ಮನೆಗೆ ಬಂದರು. ನಂಜನಗೂಡಿನಿಂದ ದಿನಾ ರೈಲಿನಲ್ಲಿ ಓಡಾಡುವವಳು ಒಬ್ಬಳು. ಹಾಸ್ಟೆಲಿನಲ್ಲಿದ್ದ ಕೊಡಗಿನ ಹುಡುಗಿ ಒಬ್ಬಳು. ಸರಸ್ವತಿಪುರದವಳು ಒಬ್ಬಳು. ಇನ್ನೊಬ್ಬಳು ನಮ್ಮ ಹಿಂದಿನ ಮನೆಯ ಸಾಹೇಬರ ಮಗಳು. ಅವರ ತಾರಸಿಗೂ ನಮ್ಮ ತಾರಸಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ ಅಷ್ಟೆ. ದೀಪಾವಳಿ ಮುಗಿದು ನಾಲ್ಕೈದು ದಿನವಾಗಿತ್ತು, ರಂಜಾನ್ ಉಪವಾಸ ಆಗತಾನೇ ಶುರುವಾಗಿತ್ತು. ಎಳೆ ಚಂದ್ರ ಊಟದ ಹೊತ್ತಿಗೇ ಮುಳುಗಿದ್ದ. ಮಂಡಿಯಿಂದ ತಂದ ಖಾಲಿ ಗೋಣಿಚೀಲಗಳನ್ನು ಹಾಸಿ, ಮೇಲೆ ಜಮಖಾನ ಹಾಸಿ, ಸಾಲಾಗಿ ಮಲಗಿದೆವು. ಎಣಿಸುವುದಕ್ಕೆ ಒಂದು ಬಟ್ಟಲು ಹುಣಸೆಬೀಜ, ಪಕ್ಕದಲ್ಲಿ ಒಂದು ಖಾಲಿ ಡಬ್ಬ. ಒಂದು ಉಲ್ಕೆ ಕಂಡರೆ ಡಬ್ಬಕ್ಕೆ ಒಂದು ಬೀಜ. ಅಪ್ಪ ನಮ್ಮ ಕಾವಲಿಗೆಂದು ಮೆಟ್ಟಿಲ ಮೇಲೆ ಕೂತರು.

ಹನ್ನೆರಡೂವರೆಯಾದರೂ ಡಬ್ಬಕ್ಕೆ ಬಿದ್ದದ್ದು ಎರಡೇ ಬೀಜ. ನಂಜನಗೂಡಿನವಳು ಗೊರಕೆ ಹೊಡೆಯತೊಡಗಿದಳು. ಕೊಡಗಿನವಳು "ಇಷ್ಟಕ್ಕೇನಾ ವಾರ್ಡನ್ ಕಾಲು ಹಿಡಿದು ಬಂದದ್ದು?" ಅಂದಳು. ಅಷ್ಟರಲ್ಲಿ ಮೂಡಲ ಕಡೆ, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರದ ದಿಕ್ಕಿನಿಂದ, ಒಂದು ಬೆಳಕಿನ ಗೆರೆ ಹೊರಟು ನಿಧಾನವಾಗಿ ನಮ್ಮ ನೆತ್ತಿಯ ಮೇಲೆ ಹಾದು ಪಡುವಲಕ್ಕೆ ಹೋಯಿತು. ಯಾರೂ ಉಸಿರು ಬಿಡಲಿಲ್ಲ. ಹಿಂದೆಯೇ ಇನ್ನೊಂದು. ಮತ್ತೆ ಎರಡು ಒಟ್ಟಿಗೆ. ಆಮೇಲೆ ಎಬ್ಬಿಸದಿದ್ದರೂ ನಂಜನಗೂಡಿನವಳು ನಮ್ಮ ಕಿರುಚಾಟಕ್ಕೇ ಎದ್ದು ಕೂತಳು.

ಕಿರುಚಾಟ ಕೇಳಿ ಅಜ್ಜಿಯೂ ಶಾಲು ಹೊದ್ದು ಮೇಲೆ ಬಂದರು. ನಮ್ಮಜ್ಜಿಯ ಲೆಕ್ಕದಲ್ಲಿ ಚುಕ್ಕಿ ಬಿದ್ದರೆ ಎಲ್ಲೋ ಒಂದು ಜೀವ ಹೋಯಿತು ಅಂತ. ಕಣ್ಣಿಗೆ ಬಿದ್ದರೆ ದೋಷ. ಪರಿಹಾರಕ್ಕೆ ಕೂಡಲೇ ಒಂದು ಹೂವಿನ ಹೆಸರು ಹೇಳಬೇಕು. ಪಾಪ, ಅಜ್ಜಿ ಶುರುಮಾಡಿದರು. ಒಂದು ಬಿದ್ದರೆ "ಮಲ್ಲಿಗೆ", ಇನ್ನೊಂದು ಬಿದ್ದರೆ "ಸಂಪಿಗೆ". ಜಾಜಿ, ಸೇವಂತಿಗೆ, ಕನಕಾಂಬರ, ಸುಗಂಧರಾಜ, ಪಾರಿಜಾತ, ಕೇದಗೆ... ಮೂವತ್ತು ದಾಟುವ ಹೊತ್ತಿಗೆ ಅಜ್ಜಿಯ ಹೂಬುಟ್ಟಿ ಖಾಲಿ! ಹಿಂದಿನ ಮನೆಯ ಗೆಳತಿ "ಗುಲಾಬ್ ಹೇಳಿ ಅಜ್ಜಿ, ಚಮೇಲಿ ಹೇಳಿ" ಅಂತ ಸಾಲ ಕೊಟ್ಟಳು. ಕೊನೆಗೆ ಅಜ್ಜಿಯೇ ನಕ್ಕು, "ಇಷ್ಟೊಂದು ಜನ ಒಂದೇ ರಾತ್ರಿ ಸಾಯೋಕಾಗಲ್ಲ ಬಿಡ್ರೇ" ಅಂತ ನಮ್ಮ ಜಮಖಾನದ ಮೇಲೆ ಕಾಲು ಚಾಚಿ ಮಲಗಿಬಿಟ್ಟರು.

ನಿಜಕ್ಕೂ ಅಲ್ಲಿ ಆಗುವುದೇನು ಗೊತ್ತೇ? ನಕ್ಷತ್ರಗಳು ಬೀಳುವುದೇ ಇಲ್ಲ. ಧೂಮಕೇತುಗಳು ಸೂರ್ಯನ ಹತ್ತಿರ ಬಂದಾಗ ಬಿಸಿಯಾಗಿ ದೂಳು ಉದುರಿಸುತ್ತವೆ. ತೂತಾದ ಚೀಲ ಹೇರಿಕೊಂಡ ಗಾಡಿ ಹೋದ ದಾರಿಯುದ್ದಕ್ಕೂ ರಾಗಿ ಚೆಲ್ಲುತ್ತದಲ್ಲ, ಹಾಗೆ. ನಮ್ಮ ಭೂಮಿ ವರ್ಷಕ್ಕೊಮ್ಮೆ ಅದೇ ತಾರೀಕಿಗೆ ಆ ದಾರಿಯನ್ನು ಹಾಯುತ್ತದೆ. ಆಗ ಮರಳಿನ ಕಣದಷ್ಟು, ರಾಗಿಕಾಳಿನಷ್ಟು ದೂಳು ನಮ್ಮ ಗಾಳಿಗೆ ನುಗ್ಗಿ, ಸುಮಾರು ನೂರು ಕಿಲೋಮೀಟರು ಎತ್ತರದಲ್ಲೇ ಉರಿದುಹೋಗುತ್ತದೆ. ನಮಗೆ ಕಾಣುವುದು ಆ ಬೆಳಕು. ಸಿಂಹರಾಶಿಯ ಉಲ್ಕೆಗಳ ವೇಗ ಸೆಕೆಂಡಿಗೆ ಸುಮಾರು 71 ಕಿಲೋಮೀಟರು. ಮೈಸೂರಿನಿಂದ ಬೆಂಗಳೂರಿಗೆ ಎರಡೇ ಸೆಕೆಂಡು!

ಅವುಗಳನ್ನು ಚೆಲ್ಲುವ ಧೂಮಕೇತುವಿನ ಹೆಸರು ಟೆಂಪಲ್-ಟಟಲ್. ಸುಮಾರು 33 ವರ್ಷಕ್ಕೊಮ್ಮೆ ಸೂರ್ಯನ ಬಳಿ ಬರುತ್ತದೆ. ಬಂದ ಆಸುಪಾಸಿನ ವರ್ಷಗಳಲ್ಲಿ ಕೆಲವೊಮ್ಮೆ ಮಳೆ ಜಡಿಮಳೆಯಾಗುತ್ತದೆ. 1833ರಲ್ಲಿ ಅಮೆರಿಕದ ಜನ ಪ್ರಳಯವೇ ಬಂತೆಂದು ಹೆದರಿದ್ದರಂತೆ. 1966ರಲ್ಲೂ ಅಲ್ಲಿ ಹಾಗೇ ಸುರಿದಿತ್ತು. 1998ರಲ್ಲಿ ಬಂದುಹೋದ ಆ ಧೂಮಕೇತು ಮತ್ತೆ ಬರುವುದು 2031ರಲ್ಲಿ. 2001ರ ಆ ರಾತ್ರಿ ಜಪಾನಿನ ಕಡೆ ಗಂಟೆಗೆ ಸಾವಿರಗಟ್ಟಲೆ ಬಿದ್ದವು. ನಮಗೆ ಅಷ್ಟಿಲ್ಲದಿದ್ದರೂ ಡಬ್ಬ ತುಂಬುತ್ತಾ ಬಂತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ.

ನಾಲ್ಕು ಗಂಟೆಯ ಹೊತ್ತಿಗೆ ಮೊಹಲ್ಲಾ ಒಳಗಿಂದೊಳಗೇ ಎಚ್ಚರಾಯಿತು. ಸಹರಿ ಹೊತ್ತಾಯಿತೆಂದು ಮಸೀದಿಯ ಮೈಕಿನಲ್ಲಿ ಕೂಗಿದರು. ಒಂದೊಂದೇ ಅಡುಗೆಮನೆಯ ದೀಪ ಹತ್ತಿಕೊಂಡಿತು. ಪಾತ್ರೆಯ ಸದ್ದು, ಸ್ಟೋವಿನ ಸದ್ದು. ನಮ್ಮ ಮನೆಯಲ್ಲೂ ಅಮ್ಮ ಎದ್ದು ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಚುರುಮುರಿ, ಎರಡಕ್ಕೆ ಫ್ಲಾಸ್ಕಿನಲ್ಲಿ ಕಾಫಿ ಕಳಿಸಿದ್ದರೇ ಹೊರತು ಅವರು ಮೆಟ್ಟಿಲು ಹತ್ತಿರಲಿಲ್ಲ. ನಮಗೂ ಕರೆಯಬೇಕು ಅಂತ ತೋಚಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಐದು ಜನ ಓದಿದ ಹುಡುಗಿಯರು, ಒಬ್ಬಳಿಗೂ ತೋಚಲಿಲ್ಲ!

ಕರೆದದ್ದು ಹಿಂದಿನ ಮನೆಯವರು. ರೊಟ್ಟಿ ಬೇಯಿಸಿಟ್ಟು, ಮಗಳನ್ನು ಊಟಕ್ಕೆ ಕರೆಯಲೆಂದು ತಮ್ಮ ತಾರಸಿಗೆ ಬಂದವರು, ಮೇಲೆ ನೋಡಿ ಅಲ್ಲೇ ನಿಂತುಬಿಟ್ಟರು. ಆಮೇಲೆ ನಮ್ಮ ಹಿತ್ತಲಿಗೆ ಬಗ್ಗಿ, "ಏನಮ್ಮಾ, ನೀರು ಕಾಯ್ಲಿ ಬಿಡಿ. ಒಂದ್ಸಲ ಮೇಲೆ ಬನ್ನಿ, ಇದು ಮತ್ತೆ ಸಿಗಲ್ಲ" ಅಂತ ಕೂಗಿದರು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಮೆಟ್ಟಿಲ ಮೇಲೆ ಕಾವಲುಗಾರರು ಗಾಢ ನಿದ್ದೆಯಲ್ಲಿದ್ದರು. ಅವರನ್ನು ದಾಟಿಕೊಂಡೇ ಬರಬೇಕಾಯಿತು.

ಅಮ್ಮ ಬಂದು ನಿಂತ ಎರಡೇ ನಿಮಿಷಕ್ಕೆ ಆ ರಾತ್ರಿಯ ದೊಡ್ಡ ಉಲ್ಕೆ ಬಿತ್ತು. ಹಸಿರು ಬೆರೆತ ಬಿಳಿ ಬೆಳಕು. ತಾರಸಿಯ ಮೇಲೆ ನಮ್ಮೆಲ್ಲರ ನೆರಳು ಮೂಡಿ ಮಾಯವಾಯಿತು. ಅದು ಹೋದ ಜಾಗದಲ್ಲಿ ಊದುಬತ್ತಿಯ ಹೊಗೆಯಂಥ ಗೆರೆ ನಿಂತಿತು. ಅದು ಕರಗುವವರೆಗೂ ಅಮ್ಮ ಕತ್ತು ಇಳಿಸಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ದಿನಾ ಈ ಹೊತ್ತಿಗೇ ಏಳ್ತಾ ಇದ್ದೀನಿ ಕಣೆ. ಒಂದು ದಿನಾನೂ ಮೇಲೆ ನೋಡಿರಲಿಲ್ಲ."

ಗೋಡೆಯ ಆಚೆಯಿಂದ ಅವರೂ "ನಾನೂ ಅಷ್ಟೇ" ಅಂದರು.

ಸೋದರಿಯರೇ, ಆ ವಯಸ್ಸಿನಲ್ಲಿ ನನಗೆ ಆ ಮಾತಿನ ಭಾರ ತಿಳಿಯಲಿಲ್ಲ. ಡಬ್ಬದ ಬೀಜ ಎಣಿಸಿ "ಇನ್ನೂರ ಹದಿನೇಳು!" ಅಂತ ಕುಣಿದೆವು. ಅಜ್ಜಿಯಂತೂ ಮಾರನೆಯ ರಾತ್ರಿ ಅಂಗಳಕ್ಕೆ ಹೋಗಿ ತಮಗೆ ಗೊತ್ತಿದ್ದ ಕೃತ್ತಿಕೆಯ ಗೊಂಚಲನ್ನು ನೋಡಿ ಬಂದು, "ಎಲ್ಲಾ ಇದ್ದ ಹಾಗೇ ಇವೆ, ಒಂದೂ ಬಿದ್ದಿಲ್ಲ" ಅಂತ ತೀರ್ಪು ಕೊಟ್ಟರು. ಆಮೇಲೆ ನನ್ನ ಮದುವೆಯಾಯಿತು, ಈ ಊರಿಗೆ ಬಂದೆ. ಈಗ ನಾನೂ ಅದೇ ಹೊತ್ತಿಗೆ ಏಳುತ್ತೇನೆ, ಅದೇ ಹಾಗೆ ಬಗ್ಗಿ ರಂಗೋಲಿ ಬಿಡುತ್ತೇನೆ. ನಾನೂ ಇಷ್ಟು ವರ್ಷ ಮೇಲೆ ನೋಡಿರಲಿಲ್ಲ!

ಇದರಲ್ಲೊಂದು ತಮಾಷೆಯಿದೆ. ಉಲ್ಕೆಗಳನ್ನು ನೋಡಲು ಸಾಮಾನ್ಯವಾಗಿ ಪ್ರಶಸ್ತವಾದ ಹೊತ್ತೇ ನಾವು ಏಳುವ ಹೊತ್ತು. ಜೋರು ಮಳೆಯಲ್ಲಿ ಬಸ್ಸು ಓಡುವಾಗ ಹನಿಗಳೆಲ್ಲ ಮುಂದಿನ ಗಾಜಿಗೆ ಹೊಡೆಯುತ್ತವಲ್ಲವೇ, ಹಿಂದಿನ ಗಾಜಿಗೆ ಬೀಳುವುದು ಕಡಿಮೆ. ಭೂಮಿಯೂ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರು ವೇಗದಲ್ಲಿ ಓಡುತ್ತಿದೆ. ಸಂಜೆ ಹೊತ್ತಿನಲ್ಲಿ ನಾವು ಹಿಂದಿನ ಗಾಜಿನ ಕಡೆ ಇರುತ್ತೇವೆ. ನಡುರಾತ್ರಿ ಕಳೆದ ಮೇಲೆ ಮುಂದಿನ ಗಾಜಿನ ಕಡೆಗೆ ತಿರುಗುತ್ತೇವೆ. ಆದ್ದರಿಂದ ಮೂರರಿಂದ ಐದರವರೆಗೆ ಹೆಚ್ಚು. ಮನೆಯವರೆಲ್ಲ ಹೊದ್ದು ಮಲಗಿರುವಾಗ, ಟಿಕೆಟ್ಟಿಲ್ಲದ ಈ ಪ್ರದರ್ಶನ ನಡೆಯುವುದು ಎದ್ದಿರುವವರಿಗಾಗಿ. ಎದ್ದಿರುವವರು ಯಾರು? ನಾವೇ.

ಹಾಗಾದರೆ ಯಾವಾಗ ನೋಡಬೇಕು? ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು ಡಿಸೆಂಬರ್ 13 ಮತ್ತು 14ರ ರಾತ್ರಿ. ಇವು ಮಿಥುನರಾಶಿಯಿಂದ, ನಮ್ಮ ಪುನರ್ವಸು ನಕ್ಷತ್ರದ ಹತ್ತಿರದಿಂದ ಹೊರಟಂತೆ ಕಾಣುತ್ತವೆ. ಇವುಗಳ ಮೂಲ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಬಂಡೆಯಂಥ ಚಿಕ್ಕ ಕಾಯ. ರಾತ್ರಿ ಒಂಬತ್ತು ಹತ್ತಕ್ಕೇ ಶುರುವಾಗುವುದರಿಂದ ಮಕ್ಕಳಿಗೂ ತೋರಿಸಬಹುದು. ಎರಡು ಗಂಟೆಯ ಸುಮಾರಿಗೆ ನೆತ್ತಿಯ ಮೇಲೆ. ಹಳ್ಳಿಯ ಕಡುಗತ್ತಲಲ್ಲಿ ಗಂಟೆಗೆ ನೂರರ ಹತ್ತಿರ ಕಾಣಬಹುದು, ನಮ್ಮಂಥ ಪೇಟೆಗಳಲ್ಲಿ ಇಪ್ಪತ್ತು ಮೂವತ್ತು ಕಂಡರೂ ಲಾಭವೇ. ನವೆಂಬರ್ 17-18ರ ಸಿಂಹರಾಶಿಯ ಉಲ್ಕೆಗಳು ಸಾಧಾರಣ ವರ್ಷಗಳಲ್ಲಿ ಗಂಟೆಗೆ ಹತ್ತು ಹದಿನೈದು ಅಷ್ಟೆ. ಅಕ್ಟೋಬರ್ 21ರ ಸುಮಾರಿಗೆ ಮತ್ತು ಮೇ 5-6ರ ನಸುಕಿಗೆ ಬೀಳುವವು 1986ರಲ್ಲಿ ಬಂದುಹೋದ ಹ್ಯಾಲಿ ಧೂಮಕೇತುವಿನ ದೂಳು. ಹ್ಯಾಲಿಯನ್ನು ನೋಡಬೇಕೆಂದರೆ 2061ರವರೆಗೆ ಕಾಯಬೇಕು, ಅದರ ದೂಳಿಗೆ ಕಾಯಬೇಕಾಗಿಲ್ಲ. ಆಗಸ್ಟ್ 12-13ರದೂ ಹೆಸರುವಾಸಿಯೇ, ಆದರೆ ನಮ್ಮಲ್ಲಿ ಆಗ ಮೋಡ. ಬಯಲುಸೀಮೆಯ ಸೋದರಿಯರು ಪ್ರಯತ್ನಿಸಿ ನೋಡಿ.

ಪಂಚಾಂಗ ನೋಡುವುದನ್ನು ಮರೆಯಬೇಡಿ. ಹುಣ್ಣಿಮೆ ಹತ್ತಿರವಿದ್ದರೆ ಬೆಳದಿಂಗಳಲ್ಲಿ ಚಿಕ್ಕವು ಕಾಣುವುದಿಲ್ಲ, ಅಮಾವಾಸ್ಯೆ ಹತ್ತಿರವಿದ್ದರೆ ಹಬ್ಬ. ದುರ್ಬೀನು ಬೇಡ, ಅದರಲ್ಲಿ ಚೂರು ಆಕಾಶವಷ್ಟೇ ಕಾಣುತ್ತದೆ. ಚಾಪೆ ಹಾಸಿ ಅಂಗಾತ ಮಲಗಿ, ಬೀದಿದೀಪ ಕಣ್ಣಿಗೆ ಹೊಡೆಯದ ಕಡೆ ಮುಖ ಮಾಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದಿರೋ, ಮತ್ತೆ ಮೊದಲಿನಿಂದ! ಡಿಸೆಂಬರಿನ ಇಬ್ಬನಿಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಒಣಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜ ಬೆಚ್ಚಗೆ ಮಾಡಿ ಪುಡಿಮಾಡಿಟ್ಟುಕೊಂಡರೆ, ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ಚೂರು ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿ ಫ್ಲಾಸ್ಕಿಗೆ ತುಂಬಿ. ಜೊತೆಗೆ ಹುರಿದ ಅವರೆಕಾಳು. ಆ ಕಾಲಕ್ಕೆ ಹೇಗೂ ಮನೆಮನೆಯಲ್ಲೂ ಅವರೆಯೇ. ಹೆಚ್ಚು ತಿಳಿಯುವ ಆಸೆಯಿದ್ದರೆ, ಮೈಸೂರಿನಲ್ಲೇ ನೆಲೆಸಿದ್ದ ಜಿ.ಟಿ. ನಾರಾಯಣರಾಯರು (1926-2008) ಕನ್ನಡದಲ್ಲಿ ನಕ್ಷತ್ರಗಳ ಬಗ್ಗೆ ಬರೆದ ಪುಸ್ತಕಗಳನ್ನು ಲೈಬ್ರರಿಯಲ್ಲಿ ಕೇಳಿ.

ಮಗಳ ವಿಷಯ ಏನಾಯಿತು ಅಂತ ಕೇಳುತ್ತೀರಿ. ಅವತ್ತೇ ರಾತ್ರಿ ನಾನೇ ಫೋನ್ ಮಾಡಿದೆ. ಹಾಗಂತ ಕಣ್ಣು ಮುಚ್ಚಿಕೊಂಡು "ಹೋಗು" ಅನ್ನಲಿಲ್ಲ. ಕಾಲ ಕೆಟ್ಟಿದೆ ಅನ್ನುವ ಭಯ ನನಗೂ ಇದೆ, ಆ ಭಯ ಸುಳ್ಳೂ ಅಲ್ಲ. ಆದರೆ "ಬೇಡ" ಅನ್ನುವುದು ಸುಲಭ, ಸೊಪ್ಪು ಬಿಡಿಸುತ್ತಲೇ ಅನ್ನಬಹುದು. ಕೂತು ವಿಚಾರಿಸುವುದಕ್ಕೆ ಕೆಲಸ ಬಿಡಬೇಕು. ತೋಟ ಯಾರದು, ದೊಡ್ಡವರು ಯಾರಿರುತ್ತಾರೆ, ಯಾವ ಗಾಡಿಯಲ್ಲಿ ಹೋಗುತ್ತೀರಿ, ಯಾವಾಗ ವಾಪಸ್ಸು ಅಂತ ಕೇಳಿದೆ. ತೋಟದ ಮನೆಯಲ್ಲೇ ಆ ಹುಡುಗಿಯ ತಂದೆತಾಯಿ ಇರುವವರು. ತಾಯಿಯ ಹತ್ತಿರ ನಾನೇ ಮಾತಾಡಿದೆ. "ಕಳಿಸಿ ಅಕ್ಕ, ನಾನೂ ಅವರ ಜೊತೆಗೇ ಕೂತಿರ್ತೀನಿ" ಅಂದರು. ಮಗಳಿಗೆ ಒಂದು ಮಾತು ಮಾತ್ರ ಹೇಳಿದೆ: "ಆ ತಾಯಿ ನಿಮಗೆ ಅಡುಗೆ ಮಾಡ್ತಾ ಒಳಗೇ ಉಳಿದುಬಿಟ್ಟರೆ ಕೈಹಿಡಿದು ಹೊರಗೆ ಕರಕೊಂಡು ಬಾ. ನಾವು ಅವತ್ತು ಕರೆಯೋದು ಮರೆತಿದ್ವಿ."

ಹದಿಮೂರರ ರಾತ್ರಿ ನನಗೆ ನಿದ್ದೆಯೆಲ್ಲಿ? ಮೂರು ಗಂಟೆಗೆ ಫೋನು ಬಡಿದಾಗ ಎದೆ ಧಸಕ್ಕೆಂದಿತು. "ಅಮ್ಮಾ, ನಲವತ್ತೆಂಟು ಆಯ್ತು! ನೀನು ಎದ್ದಿದ್ರೆ ಅಂಗಳಕ್ಕೆ ಬಾ. ಅಜ್ಜಿಗೂ ಫೋನ್ ಮಾಡಿದೀನಿ, ತಾರಸಿ ಹತ್ತಿದಾರೆ." ಎಪ್ಪತ್ತರ ಹತ್ತಿರದ ನಮ್ಮಮ್ಮ ಮಂಡಿ ಮೊಹಲ್ಲಾದ ಅದೇ ತಾರಸಿಯ ಮೇಲೆ! "ಬೀದಿದೀಪ ಜಾಸ್ತಿಯಾಗಿದೆ ಕಣೆ" ಅಂತ ಬೆಳಗ್ಗೆ ದೂರಿದರು. ಆದರೂ ನಾಲ್ಕು ಕಂಡವಂತೆ.

ನಾನು ಬಾಗಿಲು ತೆಗೆದು, ಇನ್ನೂ ನೀರು ಹಾಕದ ಹೊಸ್ತಿಲ ಮೇಲೆ ಕೂತು, ಮೇಲೆ ನೋಡಿದೆ. ಹತ್ತು ನಿಮಿಷಕ್ಕೆ ಒಂದು ಕಂಡಿತು. "ಮಲ್ಲಿಗೆ" ಅಂದುಕೊಂಡೆ. ಅಭ್ಯಾಸ ನೋಡಿ!

ನಾಳೆ ಬೆಳಗ್ಗೆ ಪೊರಕೆ ಕೈಗೆತ್ತಿಕೊಳ್ಳುವ ಮುಂಚೆ ನೀವೂ ಐದು ನಿಮಿಷ ಮೇಲೆ ನೋಡಿ. ಯಾವ ಮಳೆಯೂ ಇಲ್ಲದ ದಿನವೂ ತಾಳ್ಮೆಯಿದ್ದವರಿಗೆ ಒಂದೆರಡು ಸಿಕ್ಕೇ ಸಿಗುತ್ತವೆ. ಕಾಫಿ ಐದು ನಿಮಿಷ ತಡವಾದರೆ ಮನೆಯೇನೂ ಮುಳುಗುವುದಿಲ್ಲ. ಯಾರಾದರೂ ಕೇಳಿದರೆ ಅವರನ್ನೂ ಹೊರಗೆ ಕರೆಯಿರಿ.